ದುರ್ಗದಬೈಲಿನ ಒಂದಾಣೆ ಚೀಟಿಗಳು

ಧಾರವಾಡದ ಮಾಳಮಡ್ಡಿಯಲ್ಲಿರುವ ನನ್ನ ಗೆಳೆಯರೊಬ್ಬರಿಗೆ ಹಳೆಯ ನೋಟುಗಳನ್ನು ಕೂಡಿಹಾಕುವ ಹುಚ್ಚು. ದೊಡ್ಡ ನೋಟುಗಳಲ್ಲ, ಅವು ಅವರ ಪಿಂಚಣಿಗೆ ಎಟಕುವುದಿಲ್ಲ. ಒಂದು ರೂಪಾಯಿಯವು, ಎರಡು ರೂಪಾಯಿಯವು, ಯುದ್ಧಕಾಲದಲ್ಲಿ ಕೆಲವು ಸಂಸ್ಥಾನಗಳು ಹೊರಡಿಸಿದ ಆಣೆಯ ಕಾಗದಗಳು, ಅಂಗಡಿಕಾರರು ಚಿಲ್ಲರೆಯ ಬದಲು ಕೊಡುತ್ತಿದ್ದ ಚೀಟಿಗಳು. ಹೋದ ತಿಂಗಳು ಅವರು ತಮ್ಮ ಸಂಗ್ರಹದ ಪುಸ್ತಕ ತೆರೆದು ತೋರಿಸುತ್ತ ಒಂದು ಹಳದಿ ಚೀಟಿಯ ಮೇಲೆ ಬೆರಳಿಟ್ಟರು. ಅದರ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಹೀಗೆ ಬರೆದಿದ್ದರು: ಹುಬ್ಬಳ್ಳಿ, ದುರ್ಗದಬೈಲ್, ಒಂದಾಣೆ, ಖೋಟಾ.

"ಇದು ಖೋಟಾ ಅಂತ ಯಾರು ಹೇಳಿದ್ರು?" ಎಂದೆ.

"ಕೂಡಿಹಾಕೋರಿಗೆಲ್ಲಾ ಗೊತ್ತದ. ಖರೇ ಚೀಟಿಯೊಳಗ ಕೆಳಗಿನ ಅಂಚಿನ ನಾಕನೇ ಹೂ ತಲೆಕೆಳಗ ಇರ್ತದ. ಇದರಾಗ ನೋಡ್ರಿ, ನೆಟ್ಟಗದ."

ನಾನು ನೀರು ಕೇಳಿ ಕುಡಿದೆ. ಆ ಚೀಟಿ ನಮ್ಮ ಮುದ್ರಣಾಲಯದಲ್ಲಿ ಅಚ್ಚಾದದ್ದು. ಅದರ ಕರಡು ತಿದ್ದಿ ಸಹಿ ಹಾಕಿದವನು ನಾನು. ಅದು ಖೋಟಾ ಅಲ್ಲ. ಅದನ್ನು ಮೊಟ್ಟಮೊದಲು ಖೋಟಾ ಎಂದವನೂ ನಾನೇ.

ಇದನ್ನು ಅವರಿಗೆ ಬಾಯಿಂದ ಹೇಳಲು ನನ್ನಿಂದ ಆಗಲಿಲ್ಲ. ಮೂವತ್ತು ವರ್ಷದ ಮೇಲಾದರೂ ಹಾಗೆ ಅಂದ ಆ ಮಧ್ಯಾಹ್ನದ ಮಾತು ಬಂದರೆ ನಾನು ಬೇರೆ ಮಾತು ತೆಗೆಯುತ್ತೇನೆ. ಬರೆದರೆ ಹೇಳಬಹುದು ಅನ್ನಿಸಿತು. ಈಗ ಮುದ್ರಣದ ಕೆಲಸಕ್ಕೆ ಸೇರುತ್ತಿರುವ ತರುಣರು ನಮ್ಮ ಕಾಲದ ಕೆಲಸ ಹೇಗಿತ್ತು ಎಂದು ಕೇಳುತ್ತಲೇ ಇರುತ್ತಾರೆ. ಅವರಿಗಾಗಿಯೂ ಇದು.

ಧಾರವಾಡದಲ್ಲಿ ಬಿ.ಎ. ಮುಗಿಸಿ ಎರಡು ವರ್ಷ ಅರ್ಜಿ ಬರೆಯುವುದರಲ್ಲೇ ಕಳೆದೆ. ಕೊನೆಗೆ ಹುಬ್ಬಳ್ಳಿಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಒಂದು ದೊಡ್ಡ ಯಂತ್ರ, ಕಾಲಿನಿಂದ ತುಳಿದು ನಡೆಸುವ ಎರಡು ಸಣ್ಣ ಟ್ರೆಡಲ್ ಯಂತ್ರಗಳು, ಅಚ್ಚಿನ ಮೊಳೆ ಜೋಡಿಸುವವರು ಐದು ಜನ. ಯಜಮಾನರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಮೊಳೆ ಜೋಡಿಸುವವರಲ್ಲಿ ಹಿರಿಯ ಇಮಾಮಸಾಬ. ಅವನ ಬೆರಳುಗಳು ಮೊಳೆಯ ಮನೆಗಳ ಮೇಲೆ ಓಡಾಡುವುದನ್ನು ನೋಡಿದರೆ ಕಾಳು ಹೆಕ್ಕುವ ಕೋಳಿ ನೆನಪಾಗುತ್ತಿತ್ತು. ಮೊದಲ ದಿನ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಬಿ.ಎ. ಸಾಹೇಬ್ರು ಬಂದ್ರು. ಇನ್ನ ನಮ್ಮ ಮೊಳಿಗೋಳು ಇಂಗ್ಲಿಷ್ ಮಾತಾಡ್ತಾವ," ಎಂದ. ಮಿಕ್ಕವರು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ಸೇರಿದ ಮೂರನೆಯ ತಿಂಗಳಲ್ಲಿ ಆಯಿತು. ಧಾರವಾಡದ ವಕೀಲರೊಬ್ಬರ ಮಗಳ ಲಗ್ನಪತ್ರಿಕೆ. ಕರಡನ್ನು ಮೂರು ಸಲ ಓದಿದೆ. ತಿಥಿ, ನಕ್ಷತ್ರ, ಮುಹೂರ್ತ, ಬೀಗರ ಊರು, ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ನೂರು ಪ್ರತಿ ಅಚ್ಚಾದ ಮೇಲೆ ರಾಯರು ಒಂದನ್ನು ಕೈಗೆತ್ತಿಕೊಂಡು ನನ್ನನ್ನು ಕರೆದರು.

"ಏನೋ, ಯಾರು ಸತ್ತಾರ?"

ಪತ್ರಿಕೆಯ ಸುತ್ತ ಬೆರಳಗಲದ ಕಪ್ಪು ಗೆರೆಯ ಚೌಕಟ್ಟು ಇತ್ತು. ಹಿಂದಿನ ದಿನ ಯಾರದೋ ವೈಕುಂಠ ಸಮಾರಾಧನೆಯ ಕಾಗದಕ್ಕೆ ಕಟ್ಟಿದ ಚೌಕಟ್ಟು ಹಾಗೆಯೇ ಉಳಿದು, ಅದರೊಳಗೆ ಲಗ್ನ ಕೂತುಬಿಟ್ಟಿತ್ತು. ಮೂರು ಸಲ ಓದಿದ ನನಗೆ ಅದು ಕಂಡಿರಲೇ ಇಲ್ಲ. ಅಕ್ಷರ ಕಲಿತವನ ಕಣ್ಣು ಅಕ್ಷರಕ್ಕೇ ಹೋಗುತ್ತದೆ. ಇಮಾಮಸಾಬನಿಗೆ ಅಷ್ಟೇನೂ ಓದು ಇರಲಿಲ್ಲ. ಅವನಿಗೆ ಮೊದಲು ಕಾಣುತ್ತಿದ್ದುದು ಚೌಕಟ್ಟು, ಅಂಚು, ಗೆರೆ, ಹೂ. ಆ ದಿನ ಅವನು ರಜೆಯಲ್ಲಿದ್ದ. ರಾಯರು ನನ್ನ ಸಂಬಳದಿಂದ ಕಾಗದದ ಬೆಲೆ ಮುರಿಯಲಿಲ್ಲ. ಆದರೆ ಆರು ತಿಂಗಳವರೆಗೆ ಯಾವ ಲಗ್ನಪತ್ರಿಕೆ ಬಂದರೂ, "ಮೊದಲು ನಮ್ಮ ಮಾಸ್ತರಿಗೆ ಕೇಳ್ರಿ, ಅಳೂದೋ ನಗೂದೋ ಅಂತ," ಎನ್ನುತ್ತಿದ್ದರು.

ಕಾಗದದ ಹಣದ ವಿಷಯಕ್ಕೆ ಬರುತ್ತೇನೆ. ಅದರ ಮೇಲೆ ನನಗೆ ಚಿಕ್ಕಂದಿನಿಂದ ಕಣ್ಣಿತ್ತು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಬೆಳ್ಳಿ ಸಾಲದಾಗಿ ಸರಕಾರ ಮೊದಲ ಬಾರಿಗೆ ಒಂದು ರೂಪಾಯಿಯ ನೋಟು ತಂದಾಗ ನಾನು ಸಾಲೆಯ ಹುಡುಗ. ನಮ್ಮ ತಂದೆ ಸಾಲಾ ಮಾಸ್ತರರು. ಒಂದು ತಿಂಗಳು ಅವರ ಸಂಬಳ ಸಣ್ಣ ಪುಸ್ತಕದ ಹಾಗೆ ಹೊಲಿದಿದ್ದ ನೋಟುಗಳಲ್ಲಿ ಬಂತು. ಒಂದೊಂದನ್ನೇ ಹರಿದು ಕೊಡಬೇಕು. ಅದರ ಮೇಲೆ ರಾಜನ ಮುಖದ ರೂಪಾಯಿಯ ಚಿತ್ರ. ಹಿಂದೆ ಹಲವು ಭಾಷೆಗಳ ನಡುವೆ ನಮ್ಮ ಕನ್ನಡವೂ ಒಂದು ಸಾಲು. ನಮ್ಮ ಮನೆಗೆ ಹಾಲು ಕೊಡುತ್ತಿದ್ದವಳು ಅದನ್ನು ಮುಟ್ಟಲೂ ಒಪ್ಪಲಿಲ್ಲ. "ರೂಪಾಯಿದ ಫೋಟೋ ಕೊಡಬ್ಯಾಡ್ರಿ, ರೂಪಾಯಿ ಕೊಡ್ರಿ," ಎಂದಳು. ಕಿರಾಣಿಯವನು ತೆಗೆದುಕೊಂಡ, ಆದರೆ ಅರ್ಧಾಣೆ ಕಡಿಮೆ ಹಿಡಿದ. ಎರಡೂವರೆ ರೂಪಾಯಿಯ ನೋಟೂ ಒಂದು ಬಂದಿತ್ತು. ಅದು ಬಂದದ್ದೂ ಹೋದದ್ದೂ ಬಹಳ ಜನರಿಗೆ ತಿಳಿಯಲೇ ಇಲ್ಲ. ಮುಂದೆ ಹತ್ತು ವರ್ಷದೊಳಗೆ ಸರಕಾರ ರೂಪಾಯಿ ನೋಟನ್ನೂ ನಿಲ್ಲಿಸಿತು. ಬೆಳ್ಳಿ ಮತ್ತೆ ಓಡಾಡಿತು.

ಎರಡನೆಯ ಯುದ್ಧ ಬಂದಾಗ ಅದೇ ಕತೆ ಇನ್ನೂ ಜೋರಾಗಿ ನಡೆಯಿತು. ಬೆಳ್ಳಿಯ ರೂಪಾಯಿ ಜನರ ಗಡಿಗೆಗಳನ್ನು ಸೇರಿತು. ರೂಪಾಯಿ ನೋಟು ತಿರುಗಿ ಬಂತು. ಈ ಸಲ ನಾನು ಅದನ್ನು ಮುದ್ರಣದವನ ಕಣ್ಣಿನಿಂದ ನೋಡಿದೆ. ಕಾಗದದ ಒಳಗಿನ ನೀರುಗುರುತು, ಗೆರೆಗಳ ನವುರು. ಇಮಾಮಸಾಬ ಅದನ್ನು ಬೆಳಕಿಗೆ ಹಿಡಿದು, "ಇದನ್ನ ಮಾಡಿದಾವ ಹೊಟ್ಟಿತುಂಬ ಉಂಡು ಮಾಡ್ಯಾನ," ಎಂದು ಮೆಚ್ಚಿದ.

ರೂಪಾಯಿಯ ಹಿಂದೆ ಚಿಲ್ಲರೆಯೂ ಮಾಯವಾಯಿತು. ಇದನ್ನು ಈಗಿನವರಿಗೆ ನಂಬಿಸುವುದು ಕಷ್ಟ. ಕಿಸೆಯಲ್ಲಿ ರೂಪಾಯಿ ಇದ್ದವನು ಒಂದು ಕಪ್ಪು ಚಹಾ ಕುಡಿಯಲಾರ, ಮುರಿದುಕೊಡುವವರಿಲ್ಲ. ಟಾಂಗಾದವನು ಅಂಚೆಚೀಟಿ ಕೊಡುತ್ತಿದ್ದ. ಬೆವರಿಗೆ ಅವು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತಿದ್ದವು. ಕ್ಷೌರಿಕನೊಬ್ಬ ಉಳಿದ ಚಿಲ್ಲರೆಗೆ ಬದಲಾಗಿ ಮುಂದಿನ ಕ್ಷೌರದ ಭರವಸೆ ಕೊಡುತ್ತಿದ್ದ.

ಆಗ ದುರ್ಗದಬೈಲಿನ ಕಿರಾಣಿ ವ್ಯಾಪಾರಿ ಮಲ್ಲಪ್ಪಶೆಟ್ಟರು ನಮ್ಮ ರಾಯರ ಹತ್ತಿರ ಬಂದರು. ಒಂದಾಣೆ ಮತ್ತು ಅರ್ಧಾಣೆಯ ಚೀಟಿ ಬೇಕು. ಚಿಲ್ಲರೆಯ ಬದಲು ಗಿರಾಕಿಗಳಿಗೆ ಕೊಡುತ್ತಾರೆ. ಗಿರಾಕಿ ಅದನ್ನು ತಂದರೆ ಅಷ್ಟು ಬೆಲೆಯ ಸಾಮಾನು ಕೊಡುತ್ತಾರೆ. ಖಾಸಗಿಯವರು ಹಣದ ಹಾಗೆ ನಡೆಯುವ ಚೀಟಿ ಹೊರಡಿಸುವುದು ಕಾನೂನಿಗೆ ಒಪ್ಪುವ ಕೆಲಸವಲ್ಲ. ರಾಯರಿಗೆ ಅದು ಗೊತ್ತಿತ್ತು. ಎರಡು ದಿನ ಒಲ್ಲೆನೆಂದರು. ಮೂರನೆಯ ದಿನ ಮುದ್ರಣಾಲಯದ ಹೆಸರು ಹಾಕಬಾರದೆಂಬ ಕರಾರಿನ ಮೇಲೆ ಒಪ್ಪಿದರು.

ಹಳದಿ ರಟ್ಟುಕಾಗದ, ಬೆಂಕಿಪೆಟ್ಟಿಗೆಯಷ್ಟು ಅಗಲ. ನಡುವೆ "ಒಂದಾಣೆ ಸಾಮಾನು". ಸುತ್ತ ಸಣ್ಣ ಹೂಗಳ ಅಂಚು. ಹಿಂದೆ ಶೆಟ್ಟರ ಮೊಹರು. ಮೊಹರನ್ನು ಯಾರು ಬೇಕಾದರೂ ಮಾಡಿಸಬಹುದಲ್ಲ ಎಂದು ಶೆಟ್ಟರಿಗೆ ಅಂಜಿಕೆ. ನನಗೆ ಒಂದು ಉಪಾಯ ಹೊಳೆಯಿತು, ಅದರ ಹೆಮ್ಮೆಯೂ ಬಂತು. ಅಂಚಿನ ಒಂದೊಂದು ಹೂವೂ ಒಂದೊಂದು ಬಿಡಿ ಮೊಳೆ. ಇಮಾಮಸಾಬ ಚೌಕಟ್ಟು ಕಟ್ಟಿ ನಮಾಜಿಗೆ ಹೋದಾಗ, ನಾನು ಚಿಮಟದಿಂದ ಕೆಳಸಾಲಿನ ನಾಲ್ಕನೆಯ ಹೂವನ್ನು ಎತ್ತಿ ತಲೆಕೆಳಗು ಮಾಡಿ ಕೂರಿಸಿದೆ. ನಕಲು ಮಾಡುವವನು ಇದನ್ನು ಗಮನಿಸಲಾರ. ಗುಟ್ಟು ಮೂವರಿಗೆ ಮಾತ್ರ ಗೊತ್ತಿರಬೇಕು ಎಂದು ತೀರ್ಮಾನವಾಯಿತು: ರಾಯರು, ಶೆಟ್ಟರು, ನಾನು. ಮೊಳೆ ಜೋಡಿಸಿದ ಇಮಾಮಸಾಬನಿಗೆ ಹೇಳಬೇಕೆಂದು ಮೂವರಲ್ಲಿ ಯಾರಿಗೂ ಅನ್ನಿಸಲಿಲ್ಲ.

ಚೀಟಿ ಬಹಳ ಚೆನ್ನಾಗಿ ನಡೆಯಿತು. ಶೆಟ್ಟರ ಮಾತಿಗೆ ಬಜಾರಿನಲ್ಲಿ ತೂಕವಿತ್ತು. ಒಂದು ತಿಂಗಳೊಳಗೆ ಅವು ಅಂಗಡಿಯನ್ನು ದಾಟಿ ಟಾಂಗಾ, ಚಹಾದಂಗಡಿ, ಕಾಯಿಪಲ್ಲೆ ಸಂತೆಯವರೆಗೂ ಹೋದವು. ಶೆಟ್ಟರ ಹತ್ತಿರ ಎಂದೂ ಏನೂ ಕೊಳ್ಳದವರ ಕೈಯಲ್ಲೂ ಅವರ ಚೀಟಿ ಇರುತ್ತಿತ್ತು. ಶೆಟ್ಟರು ಮತ್ತೊಂದು ಕಂತಿಗೆ ಹೇಳಿದರು.

ಯುದ್ಧದಿಂದಾಗಿ ಮುಂಬಯಿಯಿಂದ ಹೊಸ ಮೊಳೆ ಬರುವುದು ನಿಂತಿತ್ತು. ಆದ್ದರಿಂದ ಮೊದಲ ಚೌಕಟ್ಟಿನ ಹೂಗಳನ್ನು ನಡುವೆ ಬೇರೆ ಕೆಲಸಕ್ಕೆ ಬಿಚ್ಚಿ ಬಳಸಿದ್ದರು. ಎರಡನೆಯ ಕಂತಿಗೆ ಇಮಾಮಸಾಬ ಹಳೆಯ ಚೀಟಿಯೊಂದನ್ನು ಎದುರಿಗಿಟ್ಟುಕೊಂಡು ಹೊಸದಾಗಿ ಕಟ್ಟಿದ. ಕರಡು ನನ್ನ ಮೇಜಿಗೆ ಬಂತು. ಆ ದಿನ ಎಂಟು ಕೆಲಸಗಳ ಕರಡು ಇದ್ದವು. ಎರಡು ಪದದ ಚೀಟಿ. ಓದಿದೆ, ಸರಿಯಾಗಿತ್ತು, ಸಹಿ ಹಾಕಿದೆ.

ಮೂರು ವಾರದ ಮೇಲೆ ಸಂತೆಯ ದಿನ ಮಧ್ಯಾಹ್ನ ಶೆಟ್ಟರ ಆಳು ಓಡಿ ಬಂದ. ಬಜಾರಿನಲ್ಲಿ ಖೋಟಾ ಚೀಟಿ ಹೊರಟಿವೆಯಂತೆ, ಲಗೂನೆ ಬರಬೇಕಂತೆ. ರಾಯರು ಊರಲ್ಲಿರಲಿಲ್ಲ. ನಾನು ಕೋಟು ಹಾಕಿಕೊಂಡು ಹೊರಟೆ. ದಾರಿಯಲ್ಲಿ ನನಗೆ ಹೆದರಿಕೆ ಇರಲಿಲ್ಲ. ಒಂದು ಬಗೆಯ ಹುರುಪು ಇತ್ತು. ನನ್ನ ಗುರುತು ಕೆಲಸಕ್ಕೆ ಬಂತಲ್ಲ ಎಂಬ ಹುರುಪು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅಂಗಡಿಯ ಮುಂದೆ ಐವತ್ತು ಅರವತ್ತು ಮಂದಿ ಇದ್ದರು. ಶೆಟ್ಟರು ಗಾದಿಯ ಮೇಲೆ ಬೆವರುತ್ತ ಕೂತಿದ್ದರು. ಎರಡು ಚೀಟಿಗಳನ್ನು ನನ್ನ ಕೈಗಿತ್ತರು. ಅವು ಖಂಡಿತ ನಕಲು; ಯಾರೋ ಮರದ ಅಚ್ಚು ಕೆತ್ತಿ ಒತ್ತಿದ್ದರು. ಹಾಗಾಗಿ ಶೆಟ್ಟರು ಬಂದ ಚೀಟಿಗಳಲ್ಲೆಲ್ಲ ನಾಲ್ಕನೆಯ ಹೂ ನೋಡತೊಡಗಿದ್ದರು. ಆಗಲೇ ಕಟ್ಟೆಯ ಮುಂದೆ ಬುಟ್ಟಿ ಇಳಿಸಿ ನಿಂತಿದ್ದವಳು ಫಕೀರವ್ವ.

ಶಿರಗುಪ್ಪಿಯಿಂದ ಗಾಡಿಯಲ್ಲಿ ಬಂದು ಮೆಂತೆ, ಹಕ್ಕರಿಕೆ ಸೊಪ್ಪು ಮಾರುತ್ತಿದ್ದ ಹೆಣ್ಣುಮಗಳು, ನಲವತ್ತೈದರ ಆಸುಪಾಸು. ಅವಳಿಗೆ ಪಲ್ಲೆಯ ಬೆಲೆಯೆಲ್ಲ ಈ ಚೀಟಿಗಳಲ್ಲೇ ಬರುತ್ತಿತ್ತು. ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ಸಾಮಾನು ಒಯ್ಯಬೇಕೆಂದು ವಾರಗಟ್ಟಲೆ ಖರ್ಚು ಮಾಡದೆ ಕೂಡಿಟ್ಟಿದ್ದಳು. ಸೀರೆಯ ಸೆರಗಿನ ತುಂಡಿನಲ್ಲಿ ಕಟ್ಟಿದ ಆ ಗಂಟನ್ನು ಬಿಚ್ಚಿ ನನ್ನ ಮುಂದಿಟ್ಟಳು.

ಮೊದಲನೆಯದು ನೋಡಿದೆ. ಹೂ ನೆಟ್ಟಗಿತ್ತು. ಎರಡನೆಯದು, ನೆಟ್ಟಗೆ. ಮೂರು, ನಾಲ್ಕು, ಐದು. ಹತ್ತರವರೆಗೆ ನೋಡಿದೆ. ಆಮೇಲೆ ತಲೆ ಎತ್ತಿ, ಎಲ್ಲರಿಗೂ ಕೇಳಿಸುವಂತೆ, ತರಗತಿಯಲ್ಲಿ ಉತ್ತರ ಹೇಳುವವನ ದನಿಯಲ್ಲಿ ಹೇಳಿದೆ: "ಇವು ನಮ್ಮವಲ್ಲ. ನಾಕನೇ ಹೂ ನೆಟ್ಟಗದ. ಖೋಟಾ."

"ಏನಂದ್ರಿ?" ಎಂದಳು ಫಕೀರವ್ವ.

"ಖೋಟಾ ಇವು. ಎಲ್ಲಿಂದ ತಂದಿ?"

"ಎಲ್ಲಿಂದ ತರಲ್ರಿ? ಇದ ಬಜಾರದಾಗ ಕೊಟ್ಟಾರ. ಇದ ಅಂಗಡ್ಯಾಗೂ ಕೊಟ್ಟಾರ. ಹೋದ ವಾರ ಅವರ ಕೊಟ್ಟಾರ ನೋಡ್ರಿ, ಆ ಗಾದಿ ಮ್ಯಾಲ ಕುಂತವರು."

ಹಿಂದಿನಿಂದ ಯಾರೋ, "ಇಷ್ಟೊಂದು ಒಬ್ಬಾಕಿ ಹಂತೇಕ ಹೆಂಗ ಬಂದಾವ?" ಎಂದ. ಇನ್ನೊಬ್ಬ, "ಈಕಿ ಮನ್ಯಾಗ ಛಾಪಖಾನಿ ಇರಬೇಕು," ಎಂದ. ನಗು ಬಂತು. ಆ ನಗು ಎಷ್ಟು ಬೇಗ ಬದಲಾಯಿತೆಂದರೆ ನನಗೆ ಇವತ್ತಿಗೂ ಅದರ ನಡುವಿನ ಗಳಿಗೆ ಸಿಗುವುದಿಲ್ಲ. ಯಾರೋ ಅವಳ ಬುಟ್ಟಿಯನ್ನು ಒದ್ದರು. ಇನ್ಯಾರೋ ಅವಳ ಜಡೆಗೆ ಕೈ ಹಾಕಿದರು. ತೆಂಗಿನ ಕರಟವೊಂದು ಬಂದು ಅವಳ ಹಣೆಗೆ ಬಿತ್ತು. ಶೆಟ್ಟರ ಆಳು ಅವಳನ್ನು ರಟ್ಟೆ ಹಿಡಿದು ಒಳಗೆಳೆದುಕೊಂಡ. ನನ್ನನ್ನೂ ಶೆಟ್ಟರು ಒಳಗೆ ಎಳೆದರು. ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಕೂರಿಸಿ ಅಗಳಿ ಹಾಕಿದರು.

ಹೊರಗಿನವರಿಗೆ ಈಗ ಫಕೀರವ್ವನೊಬ್ಬಳೇ ಬೇಕಾಗಿರಲಿಲ್ಲ. ಪ್ರತಿಯೊಬ್ಬನ ಕಿಸೆಯಲ್ಲೂ ಶೆಟ್ಟರ ಚೀಟಿ ಇತ್ತು. ತನ್ನದೂ ಖೋಟಾ ಇರಬಹುದು ಎಂಬ ಅಂಜಿಕೆ ಎಲ್ಲರಿಗೂ ಒಮ್ಮೆಲೇ ಹೊಕ್ಕಿತು. ಹಲಗೆಗಳ ಮೇಲೆ ಗುದ್ದುವ ಸದ್ದು ಶುರುವಾಯಿತು.

ಒಳಗೆ ಕತ್ತಲು. ಹಿಂಬದಿಯ ಸಣ್ಣ ಕಿಟಕಿಯಿಂದ ಮಾತ್ರ ಬೆಳಕು. ಫಕೀರವ್ವ ಬೆಲ್ಲದ ಪೆಂಟೆಗಳ ಪಕ್ಕದಲ್ಲಿ ನೆಲದ ಮೇಲೆ ಕೂತು ಸೆರಗಿನಿಂದ ಹಣೆ ಒತ್ತಿಕೊಂಡಿದ್ದಳು. ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಪ್ಪಿಸಲು ನಾನು ಕೈಯಲ್ಲಿದ್ದ ಚೀಟಿಯನ್ನು ಕಿಟಕಿಗೆ ಹಿಡಿದೆ.

"ಒಂದಾಣೆ" ಎಂಬ ಪದದ ಕೆಳಗೆ ಒಂದು ಗೆರೆ. ಗೆರೆಯ ಬಲತುದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಆ ಗೆರೆ ಒತ್ತುವ ಹಿತ್ತಾಳೆ ಪಟ್ಟಿಯನ್ನು ನಾನು ಹತ್ತು ವರ್ಷದಿಂದ ಬಲ್ಲೆ. ಒಮ್ಮೆ ನನ್ನ ಕೈಯಿಂದಲೇ ಜಾರಿ ನೆಲಕ್ಕೆ ಬಿದ್ದು ಸೀಳಿದ್ದು ಅದು. ಹುಬ್ಬಳ್ಳಿಯಲ್ಲಿ ಅಂಥ ಗೆರೆ ಮತ್ತೊಂದಿಲ್ಲ.

"ಶೆಟ್ಟರ, ಎರಡನೇ ಕಂತಿಂದು ಒಡೀಲಾರದ ಕಟ್ಟು ಅದ ಏನು?"

ಅವರು ಪೆಟ್ಟಿಗೆಯಿಂದ ತೆಗೆದುಕೊಟ್ಟರು. ನಮ್ಮ ಮುದ್ರಣಾಲಯದ ದಾರವನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಬಿಚ್ಚಿದೆ. ಎಲ್ಲವೂ ನೆಟ್ಟಗಿನ ಹೂವಿನವು.

ಶೆಟ್ಟರ ಕಿವಿಯ ಹತ್ತಿರ ಹೋಗಿ, ಅವಳ ಚೀಟಿಗಳು ನಮ್ಮವೇ, ತಪ್ಪು ನನ್ನದು ಎಂದೆ. ಶೆಟ್ಟರು ಬೈಯಲಿಲ್ಲ. ಹಲಗೆಗಳ ಕಡೆ ನೋಡಿ ಹೇಳಿದರು:

"ಈಗ ಹೊರಗ ಹೇಳಬ್ಯಾಡ್ರಿ. ಖರೇ ಯಾವ್ದು ಖೋಟಾ ಯಾವ್ದು ನಮಗ ಗೊತ್ತಿಲ್ಲ ಅಂದ್ರ ಅಂಗಡಿ ಉಳಿಯಂಗಿಲ್ಲ. ಆಕಿಗೆ ಸಾಮಾನು ಕೊಟ್ಟು ಹಿಂದಿನ ಬಾಗಲದಿಂದ ಕಳಸೂಣು. ನೀವೂ ಹಂಗ ಹೋಗ್ರಿ. ನಾಳಿ ನೋಡೂಣು."

ಸತ್ಯ ಹೇಳಬೇಕೆಂದರೆ ನನಗೆ ಜೀವ ಬಂದಂತಾಯಿತು. ಹಿಂದಿನ ಬಾಗಿಲು ಸಣ್ಣ ಓಣಿಗೆ ತೆರೆಯುತ್ತಿತ್ತು. ಹತ್ತು ಹೆಜ್ಜೆ ನಡೆದರೆ ಎಲ್ಲ ಮುಗಿಯುತ್ತಿತ್ತು. ನಾನೇ ಹೋಗಿ ಫಕೀರವ್ವನ ಮುಂದೆ ಕೂತೆ. ಅವಳ ಚೀಟಿಗಳು ಖರೇ ಇವೆ, ತಪ್ಪಾಯಿತು, ಶೆಟ್ಟರು ಎಲ್ಲ ಸಾಮಾನು ಕೊಡುತ್ತಾರೆ, ಹಿಂದಿನಿಂದ ಹೋಗೋಣ ಎಂದೆ.

"ಖರೇ ಅದಾವ?" ಎಂದಳು.

"ಖರೇ ಅದಾವ."

"ಇದನ್ನ ಹೊರಗ ಹೇಳಿದ್ರೇನು?"

"ಈಗ ಹೇಳಿದ್ರ ಮಂದಿ ಕೇಳೂ ಸ್ಥಿತಿಯೊಳಗ ಇಲ್ಲ ತಾಯಿ."

"ಖೋಟಾ ಅಂದಾಗ ಕೇಳಿದ್ರಲ್ಲ."

ಅವಳು ಹಣೆಯಿಂದ ಸೆರಗು ತೆಗೆದು ರಕ್ತ ನಿಂತಿದೆಯೇ ಎಂದು ನೋಡಿಕೊಂಡಳು.

"ನಾ ಹಿಂದಿನ ಬಾಗಲದಿಂದ ಹೋಗಂಗಿಲ್ರಿ. ನಮ್ಮೂರ ಮಂದಿ ಹೊರಗ ನಿಂತಾರ. ಸಂಜೀಕ ಅವರ ಗಾಡ್ಯಾಗ ನಾ ಕುಂಡ್ರಬೇಕು. ನಾಳಿ ಮಗಳ ಅತ್ತಿಮನಿಯವರು ಬರ್ತಾರ. ಹಿತ್ತಲದಾಗಿಂದ ಹೋದಾಕಿ ಕಳ್ಳಿನ ಆಗಿರಬೇಕು ಅಂತಾರ. ಎಲ್ಲಿ ನಿಂತು ಅಂದ್ರಿ, ಅಲ್ಲೇ ನಿಂತು ಹೇಳ್ರಿ."

ಶೆಟ್ಟರು ಬಂದು, "ತಂಗಿ, ಹಟ ಮಾಡಬ್ಯಾಡ. ನಾಕು ಸೇರು ಸಕ್ರಿ ಹೆಚ್ಚಿಗಿ ಕೊಡತೇನಿ," ಎಂದರು.

"ಸಕ್ರಿ ತಿಂದ್ರ ಹೆಸರು ಬರ್ತೈತೇನ್ರಿ ಅಪ್ಪಾರ?"

ಆಗಲೇ ಹೊರಗಿನಿಂದ ಒಂದು ದನಿ, "ಹೊರಗ ಬರಲಿಲ್ಲ ಅಂದ್ರ ಹೊಗಿ ಹಾಕ್ರಿ," ಎಂದಿತು. ಅಂಗಡಿಯ ಮೂಲೆಯಲ್ಲಿ ಸೀಮೆಎಣ್ಣೆಯ ಡಬ್ಬಿಗಳಿದ್ದವು. ಆ ವಾಸನೆ ಒಳಗೆ ಬಂದಾಗಿನಿಂದ ಇತ್ತು. ಆ ಮಾತು ಕೇಳಿದ ಮೇಲೆ ನನ್ನ ಮೂಗಿಗೆ ಬಡಿಯಿತು. ಹಲಗೆಯೊಂದು ನಡುವೆ ಸೀಳಿ ಬಿಸಿಲು ಗೆರೆಯಾಗಿ ಒಳಗೆ ಬಿತ್ತು. ಹೊರಗೆ ಹೋದರೆ ಅವರು ನನ್ನನ್ನು ಬಿಡುವುದಿಲ್ಲ. ಚೀಟಿಯ ಅಚ್ಚು ನಮ್ಮದೆಂದು ಬಜಾರಿನಲ್ಲಿ ನಿಂತು ಹೇಳಿದರೆ ಪೊಲೀಸರು ರಾಯರನ್ನು ಬಿಡುವುದಿಲ್ಲ. ಒಳಗೆ ಇದ್ದರೆ ಬೆಂಕಿ. ಹಿಂದೆ ಬಾಗಿಲು. ನನ್ನ ಮುಂದೆ ನೆಲದ ಮೇಲೆ ಇವಳು.

ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ಎರಡು ನಿಮಿಷ ಇರಬಹುದು, ಹತ್ತು ಇರಬಹುದು. ಈ ಮೂವತ್ತು ವರ್ಷದಲ್ಲಿ ನಾನು ಆ ಹೊತ್ತಿನೊಳಗೆ ಹೋಗಿ ನಿಲ್ಲದ ವಾರವಿಲ್ಲ. ಕೆಲವೊಮ್ಮೆ ನಾನು ತಕ್ಷಣ ಎದ್ದು ಹಲಗೆ ತೆಗೆಯುತ್ತೇನೆ. ಕೆಲವೊಮ್ಮೆ ಓಣಿಯಲ್ಲಿ ಓಡುತ್ತಿರುತ್ತೇನೆ, ಹಿಂದೆ ಹೊಗೆ ಬರುತ್ತಿರುತ್ತದೆ. ಆ ದಿನ ನಿಜವಾಗಿ ನಡೆದದ್ದು ಇವೆರಡರ ನಡುವಿನದು. ನಾನು ಹಿಂದಿನ ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟೆ. ಅಗಳಿಯ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ಫಕೀರವ್ವ ಎದ್ದು ನಿಂತು, ತಾನೊಬ್ಬಳೇ ಮುಂದಿನ ಹಲಗೆಯ ಅಗಳಿ ಎತ್ತತೊಡಗಿದಳು. ಆ ಸದ್ದಿಗೆ ತಿರುಗಿದೆ.

ಹೋಗಿ ಹಲಗೆಯ ಇನ್ನೊಂದು ತುದಿ ಹಿಡಿದೆ.

ಬಿಸಿಲಿಗೆ ಕಣ್ಣು ಕತ್ತಲೆ ಬಂತು. ಕಟ್ಟೆಯ ಮೇಲೆ ನಿಂತೆ. ಫಕೀರವ್ವ ನನ್ನ ಮಣಿಕಟ್ಟು ಹಿಡಿದು, ಸಾಲೆಯ ಹುಡುಗನಿಗೆ ಹೇಳುವಂತೆ ಮೆಲ್ಲಗೆ, "ಹೇಳ್ರಿ ಮಾಸ್ತರ," ಎಂದಳು.

"ಈಕಿ ಚೀಟಿ ಖರೇ ಅದಾವ," ಎಂದೆ. "ನಾ ತಪ್ಪು ಹೇಳಿದೆ. ಅಚ್ಚು ನಮ್ಮದು. ತಪ್ಪು ನಂದು. ಈಕಿದಲ್ಲ."

ಮುಂದಿದ್ದವರು ಕೇಳಿದರು, ಹಿಂದಿದ್ದವರು ಕೇಳಲಿಲ್ಲ. ಮತ್ತೊಮ್ಮೆ ಕೂಗಿ ಹೇಳಿದೆ. ಮೂರನೆಯ ಸಲ ಹೇಳುವಾಗ ಅಂಗಡಿಯ ಕಟ್ಟೆಯಿಂದಲೇ ಯಾರೋ ಎತ್ತಿಕೊಂಡಿದ್ದ ತೂಕದ ಕಲ್ಲೊಂದು ಬಂದು ನನ್ನ ಎಡಗಿವಿಗೆ ಬಿತ್ತು. ನಾನು ಬಿದ್ದೆ. ಆಮೇಲಿನದನ್ನು ಒಂದೇ ಕಿವಿಯಿಂದ ಕೇಳಿದ್ದೇನೆ. ಎಡಗಿವಿ ಮತ್ತೆ ತೆರೆಯಲಿಲ್ಲ.

ಶೆಟ್ಟರು ನನ್ನನ್ನು ದಾಟಿ ಮುಂದೆ ಬಂದು ನಿಂತರು. ಅಂಜುಬುರುಕ ಮನುಷ್ಯ ಎಂದು ನಾನು ತಿಳಿದಿದ್ದೆ. ಅವರು ತಲೆಯ ಮೇಲಿನ ಪಟಕ ತೆಗೆದು ಕೈಯಲ್ಲಿ ಹಿಡಿದು, "ಚೀಟಿ ನನ್ನವು. ಹಳೇದು ಹೊಸದು ಎಲ್ಲಾ ನನ್ನವು. ಅಂಗಡ್ಯಾಗ ಸಾಮಾನು ಇರೂತನಕ ಕೊಡತೇನಿ. ಒಬ್ಬೊಬ್ಬರ ಬರ್ರಿ," ಎಂದರು. ತೆರೆದ ಅಂಗಡಿಯ ಮುಂದೆ ಪಟಕವಿಲ್ಲದ ಶೆಟ್ಟರನ್ನು ಬಜಾರು ಎಂದೂ ಕಂಡಿರಲಿಲ್ಲ. ಗದ್ದಲ ಒಮ್ಮೆಲೇ ನಿಲ್ಲಲಿಲ್ಲ. ಆದರೆ ಸಾಮಾನು ಸಿಗುತ್ತದೆ ಎಂದಾಗ ಮುಂದಿದ್ದವನು ಕಲ್ಲು ಕೆಳಗಿಟ್ಟು ಚೀಲ ಬಿಚ್ಚಿದ. ಅವನ ಹಿಂದೆ ಇನ್ನೊಬ್ಬ ನಿಂತ.

ಮೊದಲು ಫಕೀರವ್ವನಿಗೆ ಕೊಟ್ಟರು. ಹೆಚ್ಚಿನ ಸಕ್ಕರೆಯನ್ನು ಅವಳು ಮರಳಿ ಗೋಣಿಗೆ ಸುರಿಸಿದಳು. ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮುಂದಿನ ಮೆಟ್ಟಿಲು ಇಳಿದು ಮಂದಿಯ ನಡುವೆ ಹೋದಳು. ಜನ ದಾರಿ ಬಿಟ್ಟರು.

ಸಂಜೆಯವರೆಗೆ ನಾನು ಕಿವಿಗೆ ಬಟ್ಟೆ ಕಟ್ಟಿಕೊಂಡು ಶೆಟ್ಟರ ಪಕ್ಕದಲ್ಲಿ ಚೀಟಿ ನೋಡುತ್ತ ಕೂತೆ. ಮರದ ಅಚ್ಚಿನ ನಿಜವಾದ ನಕಲು ಮತ್ತೆ ಮೂರು ಬಂದವು, ಮೂರೂ ಬೇರೆ ಬೇರೆಯವರ ಕೈಯಿಂದ. ಅವರ ಮುಖ ನೋಡಿದೆ. ಅವರಿಗೂ ಅವನ್ನು ಯಾರೋ ಕೊಟ್ಟಿರಬೇಕು. ಮೂರನ್ನೂ ಖರೇ ಚೀಟಿಗಳ ಜೊತೆಗೇ ಹಾಕಿದೆ. ಶೆಟ್ಟರು ನೋಡಿದರು, ಅವಕ್ಕೂ ಸಾಮಾನು ತೂಗಿಕೊಟ್ಟರು. ಅಂಗಡಿಯಲ್ಲಿ ಕೊನೆಗೆ ಉಳಿದದ್ದು ಉಪ್ಪು ಮಾತ್ರ.

ಎರಡು ದಿನದ ಮೇಲೆ ರಾಯರು ಬಂದರು. ಎಲ್ಲ ಕೇಳಿ, ಉಳಿದ ಚೀಟಿಗಳನ್ನು ತಾವೇ ನಿಂತು ಸುಡಿಸಿದರು. ಪೊಲೀಸರು ಬಂದು ವಿಚಾರಿಸಿ ಹೋದರು. ಎಚ್ಚರಿಕೆಯ ಮಾತಿಗಿಂತ ಮುಂದೆ ಹೋಗಲಿಲ್ಲ. ಅದು ನಮ್ಮ ದೈವ. ಸುಡಿಸುವ ಮೊದಲು ಆ ರಾಶಿಯಿಂದ ನಾನು ಎರಡೂ ಬಗೆಯ ಒಂದೊಂದು ಚೀಟಿ ಎತ್ತಿಟ್ಟುಕೊಂಡೆ. ಸಣ್ಣ ಹಣದ ಕಾಗದ ಕೂಡಿಹಾಕುವ ಚಟ ನನಗೆ ಹತ್ತಿದ್ದು ಅಲ್ಲಿಂದ.

ಇಮಾಮಸಾಬನನ್ನು ಕೇಳಲೇಬೇಕಾಗಿತ್ತು. ಹೂ ನೀನು ತಿರುಗಿಸಿದೆಯಾ ಎಂದೆ.

ಅವನ ಮುಖ ಸಪ್ಪಗಾಯಿತು. "ಹೌದ್ರಿ. ಹಳೇ ಚೀಟಿ ನೋಡಿದಾಗ ನನಗ ಜೀವ ಹೋದಂಗಾತು. ನಲವತ್ತು ವರ್ಷ ಆತು, ನನ್ನ ಕೈಲೆ ಹೂ ತಲೆಕೆಳಗ ಕುಂತಿಲ್ಲ. ವಯಸ್ಸಾತು, ಕಣ್ಣು ಹೋದವು ಅಂತ ಯಾರಿಗೂ ಹೇಳಲಾರದ ನೆಟ್ಟಗ ಮಾಡಿದೆ."

ಅದು ಬೇಕೆಂದೇ ನಾನು ಮಾಡಿದ್ದು ಎಂದೆ. ಅವನು ಕೈಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಅವುಗಳ ಮನೆಗೆ ಹಾಕಿದ.

"ನನಗೊಂದು ಮಾತು ಹೇಳಿದ್ರ ಆಗತಿತ್ತಲ್ರಿ, ಬಿ.ಎ. ಸಾಹೇಬ್ರ," ಎಂದ. ಆ ಸಲ ಅದರಲ್ಲಿ ತಮಾಷೆ ಇರಲಿಲ್ಲ.

ಹೊಸಬರಿಗೆ ನಾನು ಹೇಳಬಹುದಾದ ಕೆಲಸದ ಮಾತು ಇದೊಂದೇ. ಕೈಯಿಂದ ಮಾಡುವವನಿಗೆ ತಿಳಿಸದೆ ಅವನ ಕೆಲಸದಲ್ಲಿ ಗುಟ್ಟು ಇಡಬೇಡಿ. ಅವನು ಒಳ್ಳೆಯ ಕೆಲಸಗಾರನಾದಷ್ಟೂ ಅದನ್ನು ತಪ್ಪೆಂದು ತಿಳಿದು ತಿದ್ದುತ್ತಾನೆ. ಆಮೇಲೆ ನಮ್ಮಲ್ಲಿ ಚುನಾವಣೆಯ ಕಾಗದ, ಪರೀಕ್ಷೆಯ ಕಾಗದ, ಎಷ್ಟೋ ಗುಟ್ಟಿನ ಕೆಲಸಗಳು ಬಂದವು. ಪ್ರತಿ ಸಲ ಗುರುತು ಎಲ್ಲಿರಬೇಕೆಂದು ಇಮಾಮಸಾಬನನ್ನೇ ಕೇಳಿದೆ. ಅವನು ತೀರಿಕೊಂಡ ಮೇಲೆ ಅವನ ಜಾಗಕ್ಕೆ ಬಂದವರನ್ನು ಕೇಳಿದೆ.

ಫಕೀರವ್ವನನ್ನು ಮತ್ತೆ ಮಾತನಾಡಿಸಲು ನನಗೆ ಬಹಳ ತಿಂಗಳು ಬೇಕಾದವು. ಸಂತೆಯಲ್ಲಿ ಅವಳು ಮೊದಲಿನ ಜಾಗದಲ್ಲೇ ಕೂಡುತ್ತಿದ್ದಳು. ನಾನು ದೂರದಿಂದ ನೋಡಿ ಬೇರೆ ಸಾಲಿಗೆ ಹೋಗಿಬಿಡುತ್ತಿದ್ದೆ. ಅಷ್ಟರಲ್ಲಿ ನಡುವೆ ತೂತಿರುವ ಹೊಸ ತಾಮ್ರದ ಕಾಸು ಬಂದು, ಬಜಾರಿನಲ್ಲಿ ಚಿಲ್ಲರೆ ಮೆಲ್ಲಗೆ ಓಡಾಡತೊಡಗಿತ್ತು. ಒಂದು ದಿನ ಧೈರ್ಯ ಮಾಡಿ ಅವಳ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಹಣೆಯ ಮೇಲೆ ಹುಬ್ಬಿನಿಂದ ಮೇಲಕ್ಕೆ ಒಂದು ಬಿಳಿ ಗೆರೆ ಉಳಿದಿತ್ತು.

"ಕಿವಿ ಹೆಂಗೈತ್ರಿ ಮಾಸ್ತರ?" ಎಂದಳು, ನಾನು ನಿನ್ನೆ ಬಂದು ಹೋದವನೆಂಬಂತೆ.

"ಒಂದು ಕೇಳ್ತದ."

"ಒಂದ ಸಾಕು ಬಿಡ್ರಿ. ಮನ್ಯಾಗ ಬೈದಾಗ ಆ ಕಡಿಂದು ಮುಂದ ಮಾಡ್ರಿ."

ಪಕ್ಕದ ಹೆಂಗಸರು ನಕ್ಕರು. ಮಗಳು ಹೇಗಿದ್ದಾಳೆಂದು ಕೇಳಿದೆ. ಗಂಡು ಹುಟ್ಟಿದೆ, ಅತ್ತೆಮನೆಯವರು ಛಲೋ ನೋಡಿಕೊಂಡಿದ್ದಾರೆ ಎಂದಳು. ಮೆಂತೆ, ಹಕ್ಕರಿಕೆ, ಸವತೆಕಾಯಿ ತೆಗೆದುಕೊಂಡು ಒಂದು ರೂಪಾಯಿಯ ನೋಟು ಮುಂದೆ ಹಿಡಿದೆ. ಅವಳು ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಮತ್ತೆ ತಿರುಗಿಸಿದಳು. ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಎತ್ತಿದಳು. ಸಾಲಿನ ಹೆಂಗಸರೆಲ್ಲ ನಮ್ಮನ್ನೇ ನೋಡುತ್ತಿದ್ದರು.

"ಇದನ್ನ ಎಲ್ಲಿ ಅಚ್ಚು ಹಾಕ್ಯಾರ್ರಿ?"

"ನಾಸಿಕದಾಗ."

"ನೀವಲ್ಲ, ಹೌದಲ್ರಿ?"

"ನಾ ಅ‌ಲ್ಲ."

"ಹಂಗಾರ ನಡೀತೈತಿ," ಎಂದು ಅವಳು ನೋಟನ್ನು ಮಡಿಚಿ ಸಂಚಿಗೆ ಹಾಕಿ, ಚಿಲ್ಲರೆ ಹುಡುಕತೊಡಗಿದಳು.